ಹಡಗಿನಲ್ಲಿ ಬಂದ ಹಳೆಯ ಕಾರು

ಅಹಮದಾಬಾದಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಯಿಂದ ಕಠವಾಡಾದ ಕಡೆಗೆ ಹೊರಳಿದರೆ ದಾಸ್ತಾನ್ ಎಸ್ಟೇಟಿನಲ್ಲಿ ‘ಆಟೋ ವರ್ಲ್ಡ್’ ಎಂಬ ಹಳೆಯ ಕಾರುಗಳ ಸಂಗ್ರಹಾಲಯ ಸಿಗುತ್ತದೆ. ಉದ್ಯಮಿ ಪ್ರಾಣಲಾಲ್ ಭೋಗಿಲಾಲ್ ಅವರು ಒಂದೊಂದಾಗಿ ಕೂಡಿಸಿದ ರೋಲ್ಸ್ ರಾಯ್ಸ್, ಬೆಂಟ್ಲಿ, ಡೈಮ್ಲರ್, ಪ್ಯಾಕರ್ಡ್, ಕ್ಯಾಡಿಲಾಕ್ ಮೊದಲಾದ ನೂರಕ್ಕೂ ಮಿಕ್ಕ ವಾಹನಗಳು ಅಲ್ಲಿವೆ. 2011ರಲ್ಲಿ ಅವರು ನಿಧನರಾದರು. ಅವರ ಸಂಗ್ರಹ ಉಳಿಯಿತು. ಊರಿನಿಂದ ಬಂದ ನೆಂಟರನ್ನು ಸಾಬರಮತಿ ಆಶ್ರಮಕ್ಕೆ ಕರೆದೊಯ್ದ ಮೇಲೆ ಮಕ್ಕಳ ಒತ್ತಾಯಕ್ಕೆ ಇತ್ತ ಬರುವ ಕನ್ನಡ ಕುಟುಂಬಗಳಲ್ಲಿ ಯಾರಾದರೊಬ್ಬರು ಹಿಂದಿರುಗುವಾಗ ಮೌನವಾಗಿರುವುದುಂಟು. ನಿವೃತ್ತಿಯ ಹಣ ಕೈಗೆ ಬರುವ ಕಾಲ ಸಮೀಪಿಸಿದ್ದರೆ ಆ ಮೌನಕ್ಕೆ ಅರ್ಥ ಬೇರೆಯೇ ಇರುತ್ತದೆ. ಬಾಲ್ಯದಲ್ಲಿ ಊರಿನ ಡಾಕ್ಟರರೋ ಜಮೀನ್ದಾರರೋ ಓಡಿಸುತ್ತಿದ್ದ ಆಸ್ಟಿನ್ ಅಥವಾ ಮಾರಿಸ್ ಗಾಡಿಯ ನೆನಪು ಮರುಕಳಿಸಿ, ‘ಅಂಥದೊಂದು ನಮಗೂ ಇದ್ದರೆ’ ಎಂಬ ಆಸೆ ಹುಟ್ಟುತ್ತದೆ.

ಈ ಆಸೆ ತಪ್ಪಲ್ಲ. ಆದರೆ ಹೊಸ ಕಾರನ್ನು ಕೊಳ್ಳುವ ಲೆಕ್ಕದಿಂದ ಹಳೆಯ ಕಾರನ್ನು ಕೊಳ್ಳಲು ಹೊರಟವರು ಕೈ ಸುಟ್ಟುಕೊಳ್ಳುತ್ತಾರೆ. ಹೊಸ ಕಾರಿನಲ್ಲಿ ಬೆಲೆಯೇ ದೊಡ್ಡ ಖರ್ಚು. ಹಳೆಯ ಕಾರಿನಲ್ಲಿ ಬೆಲೆಯೆಂಬುದು ಪ್ರವೇಶ ಶುಲ್ಕ ಮಾತ್ರ. ಜೊತೆಗೆ, ಹಳೆಯ ಕಾರಿನ ಬೆಲೆ ನಿಂತಿರುವುದು ಬಣ್ಣದ ಹೊಳಪಿನ ಮೇಲಲ್ಲ, ಅದರ ಮೂಲ ಚಾಸಿ, ಮೂಲ ಎಂಜಿನ್ ಮತ್ತು ಅವೆರಡಕ್ಕೂ ತಾಳೆಯಾಗುವ ಕಾಗದಪತ್ರಗಳ ಮೇಲೆ. ಈ ಮೂರರಲ್ಲಿ ಒಂದು ತಪ್ಪಿದರೂ ಕೊಂಡವನ ಕೈಯಲ್ಲಿ ಉಳಿಯುವುದು ದುಬಾರಿಯಾದ ಗುಜರಿ ಮಾತ್ರ.

ಕಾನೂನು ಕೂಡ ಈಗ ಇದನ್ನೇ ಹೇಳುತ್ತದೆ. 2021ರ ಜುಲೈಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ, ಮೂಲರೂಪದಲ್ಲಿಯೇ ಉಳಿದಿರುವ ಎರಡು ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಚಾಸಿ, ದೇಹದ ಕವಚ ಅಥವಾ ಎಂಜಿನ್ನನ್ನು ಮಾರ್ಪಡಿಸಿದ್ದರೆ ಅದು ಈ ವರ್ಗಕ್ಕೆ ಸೇರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರಮಾಣಪತ್ರ 10 ವರ್ಷ ನಡೆಯುತ್ತದೆ. ಅನಂತರದ ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂದು ಬರುತ್ತದೆ. ಭಾರತದಲ್ಲಿ ಮೊದಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಮಗಳ ಮದುವೆಯ ದಿಬ್ಬಣಕ್ಕೆ ಬಾಡಿಗೆ ಕೊಟ್ಟು ಖರ್ಚು ಹಿಂಪಡೆಯಬಹುದೆಂದು ಎಣಿಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೊಳ್ಳುವವರಿಗೆ ದಾರಿಗಳು ಎರಡು. ಹೊರದೇಶದಿಂದ ನೇರವಾಗಿ ತರಿಸುವುದು ಒಂದು. ಎಂದೋ ಹಡಗಿನಲ್ಲಿ ಬಂದು ಇಲ್ಲಿಯೇ ನೆಲೆಸಿದ ಗಾಡಿಯನ್ನು ಕೊಳ್ಳುವುದು ಇನ್ನೊಂದು.

ಮೊದಲನೆಯ ದಾರಿ ಈಚೆಗೆ ಸ್ವಲ್ಪ ಅಗಲವಾಗಿದೆ. ಹಿಂದೆ 1950ಕ್ಕೆ ಮೊದಲು ತಯಾರಾದ ಕಾರುಗಳಿಗಷ್ಟೇ ಇದ್ದ ಆಮದು ಸೌಲಭ್ಯವನ್ನು 2025ರ ಆರಂಭದಲ್ಲಿ 50 ವರ್ಷ ತುಂಬಿದ ಕಾರುಗಳಿಗೂ ವಿಸ್ತರಿಸಲಾಯಿತು. ಪರವಾನಗಿಯ ತೊಡಕು ಕಡಿಮೆಯಾಯಿತೆಂದರೆ ಸುಂಕ ಕಡಿಮೆಯಾಯಿತೆಂದು ಅರ್ಥವಲ್ಲ. ಬಳಸಿದ ಕಾರಿನ ಮೇಲೆ ಆಮದು ಸುಂಕ ಮತ್ತು ಇತರ ತೆರಿಗೆಗಳೆಲ್ಲ ಕೂಡಿ ಸಾಮಾನ್ಯವಾಗಿ ಅದರ ಮೌಲ್ಯದ ಎರಡರಷ್ಟನ್ನೂ ಮೀರುತ್ತವೆ. ಮೌಲ್ಯವೆಂದರೆ ಮಾರಿದವನಿಗೆ ಕೊಟ್ಟ ಹಣವಷ್ಟೇ ಅಲ್ಲ. ಹಡಗಿನ ಸಾಗಣೆ, ಸಾಗಣೆಯ ವಿಮೆ ಎರಡನ್ನೂ ಸೇರಿಸಿಯೇ ಸುಂಕ ಕಟ್ಟಬೇಕು. ಉದಾಹರಣೆಗಾಗಿ, ಇಂಗ್ಲೆಂಡಿನಲ್ಲಿ ಒಂದು ಕಾರು 10 ಲಕ್ಷ ರೂಪಾಯಿಗೆ ದೊರೆತು, ಸಾಗಣೆ ಮತ್ತು ವಿಮೆಗೆ 3 ಲಕ್ಷ ತಗಲಿತೆನ್ನೋಣ. ಸುಂಕದ ಲೆಕ್ಕ ನಡೆಯುವುದು 13 ಲಕ್ಷದ ಮೇಲೆ. ಎರಡರಷ್ಟೆಂದು ಹಿಡಿದರೂ 26 ಲಕ್ಷ. ಮನೆಯ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ 10 ಲಕ್ಷದ ಕಾರು 39 ಲಕ್ಷವನ್ನು ದಾಟಿರುತ್ತದೆ. ಇನ್ನೂ ಒಂದು ಬೋಲ್ಟನ್ನೂ ಬಿಚ್ಚಿರುವುದಿಲ್ಲ! ಹಣವನ್ನು ಅಧಿಕೃತ ವಿದೇಶೀ ವಿನಿಮಯ ಬ್ಯಾಂಕಿನ ಮೂಲಕವೇ ಕಳುಹಿಸಬೇಕು, ಕಾರು ಬಂದಿಳಿದ ಮೇಲೆ ಬಿಲ್ ಆಫ್ ಎಂಟ್ರಿಯನ್ನು ಬ್ಯಾಂಕಿಗೆ ಒಪ್ಪಿಸಬೇಕು. ಮುಂದೆ ನೋಂದಣಿಗೂ ಇದೇ ದಾಖಲೆ ಬೇಕಾಗುವುದರಿಂದ ಇದನ್ನು ಮನೆಯ ಕ್ರಯಪತ್ರದಂತೆ ಕಾಪಾಡಬೇಕು. ದುಬೈಯಲ್ಲೋ ಲಂಡನ್ನಿನಲ್ಲೋ ಇರುವ ನೆಂಟರ ಕೈಯಲ್ಲಿ ಹಣ ಕೊಡಿಸಿ, ಇಲ್ಲಿ ಅದನ್ನು ನಗದಾಗಿ ತೀರಿಸುವ ‘ಸುಲಭ’ ಮಾರ್ಗವನ್ನು ಹೇಳಿಕೊಡುವವರು ಇದ್ದೇ ಇರುತ್ತಾರೆ. ಅಂಥವರಿಗೆ ದೂರದಿಂದಲೇ ನಮಸ್ಕಾರ ಹೇಳುವುದು ಕ್ಷೇಮ.

ಮಧ್ಯಮ ವರ್ಗದ ಕುಟುಂಬಕ್ಕೆ ಎರಡನೆಯ ದಾರಿಯೇ ಸೂಕ್ತ. ಇಲ್ಲಿ ತೊಡಕು ಇರುವುದು ಇತಿಹಾಸದಲ್ಲಿ. 1949ರ ಮೇ 1ರವರೆಗೆ ಬರೋಡ ಗಾಯಕವಾಡರ ಪ್ರತ್ಯೇಕ ಸಂಸ್ಥಾನವಾಗಿತ್ತು. ಅಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರ ಮೇ 1ರಂದು ಗುಜರಾತ್ ರಾಜ್ಯ ಹುಟ್ಟಿತು. 1989ರಲ್ಲಿ ದೇಶದಲ್ಲೆಲ್ಲ ಈಗಿನ ನೋಂದಣಿ ಸಂಖ್ಯೆಗಳ ಪದ್ಧತಿ ಬಂದಿತು. ವಡೋದರದ ಹಳೆಯ ಹವೇಲಿಯೊಂದರ ಕೊಟ್ಟಿಗೆಯಲ್ಲಿ ನಿಂತ 1938ರ ಕಾರಿನ ಕಡತ ಇಷ್ಟು ಕೈಗಳನ್ನು ದಾಟಿ ಬಂದಿರಬೇಕು. ನಡುವೆ ಒಂದು ಕೊಂಡಿ ಕಳಚಿದ್ದರೆ ಹೆಸರಿನ ವರ್ಗಾವಣೆ ವರ್ಷಗಟ್ಟಲೆ ನಿಲ್ಲಬಹುದು. ಮೂಲ ಮಾಲೀಕರು ಗತಿಸಿದ್ದರೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕು; ಒಬ್ಬ ಮಗ ಮಾರಿದ ಕಾರನ್ನು ಇನ್ನೊಬ್ಬ ಮಗ ಕೇಳಿಕೊಂಡು ಬಂದರೆ ಕೊಂಡವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಇದಕ್ಕಿಂತ ಅಪಾಯದ ವ್ಯವಹಾರವೊಂದಿದೆ: ಒಂದು ಸತ್ತ ಗಾಡಿಯ ನೋಂದಣಿ ಪುಸ್ತಕವನ್ನಿಟ್ಟುಕೊಂಡು, ಬೇರೊಂದು ಗಾಡಿಯ ಚಾಸಿಯ ಮೇಲೆ ಆ ಸಂಖ್ಯೆಯನ್ನು ಉಳಿಯಿಂದ ಕೊರೆಯುವುದು. ಆದುದರಿಂದ ಮುಂಗಡ ಕೊಡುವ ಮೊದಲು ಚಾಸಿಯ ಸಂಖ್ಯೆಯ ಮೇಲಿನ ಬಣ್ಣವನ್ನು ಒರೆಸಿ, ಅಂಕೆಗಳು ಒಂದೇ ಅಚ್ಚಿನವೇ, ಸುತ್ತಲಿನ ಲೋಹವನ್ನು ಉಜ್ಜಿ ತೆಳುವಾಗಿಸಿದ ಗುರುತಿದೆಯೇ ಎಂದು ನೋಡಬೇಕು. ನಗದಿನಲ್ಲಿ ವ್ಯವಹಾರ ಮುಗಿಸೋಣವೆನ್ನುವ ಮಾರಾಟಗಾರನಿಂದ ದೂರವಿರಬೇಕು. 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಮಿಕ್ಕ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ.

ಎಂಜಿನ್ನಿನ ವಿಷಯದಲ್ಲಿ ನಮ್ಮ ದೇಶದ್ದೇ ಆದ ಒಂದು ಕಥೆಯಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದಾಗ, ದೊಡ್ಡ ಅಮೆರಿಕನ್ ಕಾರುಗಳ ಮಾಲೀಕರು ಅವುಗಳ ಪೆಟ್ರೋಲ್ ಎಂಜಿನ್ನನ್ನು ಕಿತ್ತು ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ಮಟಡೋರ್ ವ್ಯಾನಿನ ಎಂಜಿನ್ ಹೊತ್ತು ತಿರುಗಿದ ಷೆವ್ರೊಲೆ, ಡಾಡ್ಜ್ ಗಾಡಿಗಳನ್ನು ಕಂಡವರು ಇಂದಿಗೂ ಇದ್ದಾರೆ. ಆ ಕಾಲಕ್ಕೆ ಅದು ಜಾಣತನ. ಇಂದು ಅದೇ ಬದಲಾವಣೆಯಿಂದ ಆ ಗಾಡಿ ‘ಮೂಲರೂಪ’ ಕಳೆದುಕೊಂಡಿದೆ. ಮೂಲ ಎಂಜಿನ್ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದರೂ ಅದನ್ನು ಬಿಡದೆ ಕೇಳಿ ಪಡೆಯಬೇಕು. ಓಡುವ ಅನ್ಯ ಎಂಜಿನ್ನಿಗಿಂತ ಓಡದ ಸ್ವಂತ ಎಂಜಿನ್ ಮೇಲು.

ಯಾವ ಕಾರನ್ನು ಆರಿಸಬೇಕು? ಬಿಡಿಭಾಗ ಸಿಗುವುದನ್ನು. ಆಸ್ಟಿನ್ ಸೆವೆನ್, ಫೋರ್ಡ್ ಮಾಡೆಲ್ ಎ, ಮಾರಿಸ್ ಮೈನರ್, ಎಂಜಿಯ ಟಿ ಸರಣಿ ಇವುಗಳಿಗೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇಂದಿಗೂ ಹೊಸದಾಗಿ ಬಿಡಿಭಾಗಗಳನ್ನು ಮಾಡುವವರಿದ್ದಾರೆ. ಎಂಜಿ ಎಂಬ ಹೆಸರು ಕೇಳಿ ವಡೋದರದ ಓದುಗರಿಗೆ ಹತ್ತಿರದ ಹಾಲೋಲ್ ಕಾರ್ಖಾನೆ ನೆನಪಾಗಬಹುದು. ಹೆಸರು ಅದೇ ಆದರೂ ಅಲ್ಲಿ ತಯಾರಾಗುವ ಗಾಡಿಯ ಒಂದು ತಿರುಪೂ 1945ರಲ್ಲಿ ಹೊರಬಂದ ಎಂಜಿ ಟಿಸಿಗೆ ಹೊಂದದು. ಅಪರೂಪದ ಹೆಸರಿನ ಕಾರು ಅಗ್ಗವಾಗಿ ಸಿಕ್ಕರೆ ಅದು ಅಗ್ಗವಾದ ಕಾರಣವನ್ನು ಮೊದಲು ಹುಡುಕಬೇಕು.

ದೇಹದ ಪರೀಕ್ಷೆಗೆ ಒಂದು ಅಯಸ್ಕಾಂತ, ಒಂದು ಟಾರ್ಚು, ಹಳೆಯ ಬಟ್ಟೆ ಸಾಕು. ಅಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ಪುಟ್ಟಿ ತುಂಬಿರುತ್ತದೆ, ಇಲ್ಲವೆ ಆ ಭಾಗ ಅಲ್ಯೂಮಿನಿಯಮ್ಮಿನದು. ಯುದ್ಧಪೂರ್ವದ ಅನೇಕ ಕಾರುಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆಂಬುದು ಹಲವರಿಗೆ ತಿಳಿಯದು. ಬಾಗಿಲು ತೆರೆದಾಗ ಜೋತುಬಿದ್ದರೆ ಒಳಗಿನ ಮರ ಕೊಳೆತಿದೆ ಅಥವಾ ಗೆದ್ದಲು ತಿಂದಿದೆಯೆಂದು ಶಂಕಿಸಬೇಕು. ಅಹಮದಾಬಾದಿನ ಒಣ ಹವೆಯಲ್ಲಿ ತುಕ್ಕು ಕಡಿಮೆ, ಆದರೆ ಮರ ಬಿರಿಯುತ್ತದೆ, ರಬ್ಬರು ಸಿಡಿಯುತ್ತದೆ. ಸಮುದ್ರದ ಗಾಳಿ ಬೀಸುವ ಸೂರತ್ತಿನಲ್ಲಿ ತುಕ್ಕು ಮುಖ್ಯ ಶತ್ರು.

ದುರಸ್ತಿಯ ವಿಷಯದಲ್ಲಿ ಗುಜರಾತಿನವರು ಭಾಗ್ಯವಂತರು. ಅಹಮದಾಬಾದಿನ ಓಢವ್ ಮತ್ತು ವಟವಾ, ವಡೋದರದ ಮಕರಪುರಾ, ಸೂರತ್ತಿನ ಉಧನಾ ಕೈಗಾರಿಕಾ ಪ್ರದೇಶಗಳಲ್ಲಿ ಲೇಥು, ಎರಕ, ಲೋಹಲೇಪದ ಕೆಲಸ ಬಲ್ಲವರಿಗೆ ಬರವಿಲ್ಲ. ಮಗ್ಗದ ಯಂತ್ರಕ್ಕೆ ಹಲ್ಲಿನ ಚಕ್ರ ಕಡಿದುಕೊಡುವ ಮೇಸ್ತ್ರಿಗೆ ಹಳೆಯ ಗೇರಿನ ಚಕ್ರ ಹೊಸ ವಿದ್ಯೆಯೇನಲ್ಲ. ಎಲ್ಲಿಸ್ ಸೇತುವೆಯ ಬಳಿ ನದಿಯ ದಂಡೆಯಲ್ಲಿ ಭಾನುವಾರ ಸೇರುವ ಅಹಮದಾಬಾದಿನ ಹಳೆಯ ಸಂತೆಯ ಹೆಸರೇ ‘ಗುಜರಿ ಬಜಾರ್’. ಕನ್ನಡಿಗರ ಕಿವಿಗೆ ಇದಕ್ಕಿಂತ ಆಪ್ತವಾದ ಹೆಸರು ಬೇಕೆ? ಹಳೆಯ ಇಂಗ್ಲಿಷ್ ಕಾರುಗಳ ನಟ್ಟುಗಳಿಗೆ ಮೆಟ್ರಿಕ್ ಸ್ಪ್ಯಾನರು ಹೊಂದುವುದಿಲ್ಲ, ವಿಟ್‌ವರ್ತ್ ಅಳತೆಯವು ಬೇಕು. ಅಂಥ ಉಪಕರಣಗಳಿಗಾಗಿ ಈ ಸಂತೆಯಲ್ಲಿ ಕಣ್ಣಾಡಿಸಬಹುದು. ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಚಾಸಿಗೆ ಸೇರಿರುತ್ತದೆಂಬುದನ್ನು ಇಂದಿನ ಎಲೆಕ್ಟ್ರಿಷಿಯನ್ನಿಗೆ ಮೊದಲೇ ತಿಳಿಸಬೇಕು; ಅಭ್ಯಾಸಬಲದಿಂದ ಆತ ತಿರುಗುಮುರುಗಾಗಿ ಜೋಡಿಸುವ ಸಂಭವ ಹೆಚ್ಚು. ಬಿಚ್ಚುವ ಮುನ್ನ ಪ್ರತಿ ಭಾಗದ ಛಾಯಾಚಿತ್ರ ತೆಗೆದು, ಭಾಗಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಇಡಬೇಕು. ಬಿಚ್ಚಿದ ಕಾರು ಡಬ್ಬಿಗಳಲ್ಲೇ ಉಳಿದು ಮುಂದಿನವರಿಗೆ ತೂಕದ ಲೆಕ್ಕದಲ್ಲಿ ಮಾರಾಟವಾಗುವುದೇ ಈ ಹವ್ಯಾಸದ ದೊಡ್ಡ ದುರಂತ.

ಇಂಧನವನ್ನು ಕುರಿತು ಒಂದು ಮಾತು. ಭಾರತದಲ್ಲಿ 2000ದ ಹೊತ್ತಿಗೆ ಸೀಸದ ಪೆಟ್ರೋಲು ನಿಂತಿತು. 2023ರಿಂದೀಚೆಗೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ವ್ಯಾಪಕವಾಯಿತು. ಸೀಸವಿಲ್ಲದ ಪೆಟ್ರೋಲಿಗೆ ಗಟ್ಟಿ ಲೋಹದ ವಾಲ್ವ್ ಸೀಟುಗಳನ್ನು ಕೂಡಿಸಿದರೆ ಸವೆತ ತಪ್ಪುತ್ತದೆ. ಎಥನಾಲಿನದು ಬೇರೆ ಉಪದ್ರವ. ಅದು ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನೊಳಗೆ ತುಕ್ಕು ತರುತ್ತದೆ. ಕೊಳವೆಗಳನ್ನೆಲ್ಲ ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಿಸಬೇಕು. ಸೋರುವ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆರೋಗ್ಯದ ವಿಷಯವನ್ನು ಗ್ಯಾರೇಜುಗಳಲ್ಲಿ ಯಾರೂ ಎತ್ತುವುದಿಲ್ಲ, ಆದುದರಿಂದ ಇಲ್ಲಿ ವಿಸ್ತರಿಸುವುದು ಅಗತ್ಯ. ಹಳೆಯ ಕಾರುಗಳ ಬ್ರೇಕ್ ಮತ್ತು ಕ್ಲಚ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರೇಕ್ ಡ್ರಮ್ಮನ್ನು ತೆರೆದು ಧೂಳನ್ನು ಗಾಳಿ ಪಂಪಿನಿಂದ ಊದುವುದು ಮೇಸ್ತ್ರಿಗಳ ರೂಢಿ. ಕಣ್ಣಿಗೆ ಕಾಣದ ಆ ಎಳೆಗಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರ ಮಾರಕ ರೋಗಗಳು ತಲೆದೋರಬಹುದು. ಒಣ ಧೂಳನ್ನು ಊದದೆ, ಗುಡಿಸದೆ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಮೂಗಿಗೆ ಕರವಸ್ತ್ರ ಸಾಲದು. ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸು ಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಉಜ್ಜು ಕಾಗದದಿಂದ ಒಣದಾಗಿ ಉಜ್ಜುವುದೂ ಅಪಾಯ. ಫ್ಲ್ಯಾಟಿನ ನೆಲಮಾಳಿಗೆಯಲ್ಲಿ ಈ ಕೆಲಸ ಮಾಡಿ, ಅದೇ ಬಟ್ಟೆಯಲ್ಲಿ ಮೇಲೆ ಬಂದು ಮೊಮ್ಮಗುವನ್ನು ಎತ್ತಿಕೊಳ್ಳುವ ಅಜ್ಜನಿಂದ ಮಗುವಿಗೆ ಸೀಸ ತಲುಪುತ್ತದೆ. ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ವಿಷ. ಕೊಳವೆಗೆ ಬಾಯಿಟ್ಟು ಪೆಟ್ರೋಲು ಹೀರಿ ತೆಗೆಯುವ ಪದ್ಧತಿಯನ್ನು ಇಂದೇ ಬಿಡಬೇಕು: ಒಂದು ಗುಟುಕು ಶ್ವಾಸನಾಳಕ್ಕೆ ಇಳಿದರೂ ಶ್ವಾಸಕೋಶ ಉರಿಯೂತಗೊಳ್ಳುತ್ತದೆ. ಅಂಥ ಸಂದರ್ಭದಲ್ಲಿ ವಾಂತಿ ಮಾಡಿಸದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಓಕರಿಕೆ ಬಂತೆಂದರೆ ಹೊರಗೋಡಬೇಕು. ತುಕ್ಕು ತಗಡು ಗೀರಿದರೆ ಧನುರ್ವಾಯುವಿನ ಚುಚ್ಚುಮದ್ದು ಪಡೆದು ಎಷ್ಟು ವರ್ಷವಾಯಿತೆಂದು ವೈದ್ಯರಿಗೆ ತಿಳಿಸಬೇಕು.

ಕಾರನ್ನು ಇಡುವ ಜಾಗವನ್ನೂ ಕೊಳ್ಳುವ ಮೊದಲೇ ನಿಶ್ಚಯಿಸಬೇಕು. 2006ರ ಆಗಸ್ಟಿನಲ್ಲಿ ತಾಪಿಯ ಪ್ರವಾಹ ಸೂರತ್ತನ್ನು ಮುಳುಗಿಸಿತು; 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರದ ಬಡಾವಣೆಗಳಲ್ಲಿ ನಿಂತ ಅಸಂಖ್ಯ ವಾಹನಗಳು ನೀರಿನಲ್ಲಿ ನಿಂತವು. ಹೊಸ ಕಾರು ಹೋದರೆ ವಿಮೆಯ ಹಣದಲ್ಲಿ ಅಂಥದೇ ಇನ್ನೊಂದು ಬಂದೀತು. ಹಳೆಯದು ಹೋದರೆ ಅಂಥದು ಬಾರದು. ವಿಮೆಯನ್ನು ಕೂಡ ಸವಕಳಿ ಕಳೆದ ಬೆಲೆಗಲ್ಲ, ಮೌಲ್ಯಮಾಪಕರ ವರದಿಯ ಆಧಾರದ ಮೇಲೆ ಮೊದಲೇ ಒಪ್ಪಿಕೊಂಡ ಮೌಲ್ಯಕ್ಕೆ ಮಾಡಿಸಲು ಕಂಪೆನಿಯನ್ನು ಕೇಳಬೇಕು. ನೆಲಮಾಳಿಗೆ ಬೇಡ, ಎತ್ತರದ, ಗಾಳಿಯಾಡುವ ಜಾಗ ಬೇಕು.

ಕೆಲಸ ಮುಗಿದ ಕಾರನ್ನು ಜನರ ಮುಂದೆ ನಿಲ್ಲಿಸಲು ಅವಕಾಶಗಳಿಗೆ ಕೊರತೆಯಿಲ್ಲ. 2023ರ ಜನವರಿಯಲ್ಲಿ ವಡೋದರದ ಲಕ್ಷ್ಮೀ ವಿಲಾಸ ಅರಮನೆಯಲ್ಲಿ ನಡೆದ ‘21 ಗನ್ ಸಲ್ಯೂಟ್’ ಪ್ರದರ್ಶನಕ್ಕೆ ದೇಶದ ನಾನಾ ಕಡೆಗಳಿಂದ ಹಳೆಯ ಕಾರುಗಳು ಬಂದಿದ್ದವು. ರಜೆಯಲ್ಲಿ ಊರಿಗೆ ಹೋಗುವವರು, ಕಾರು ಕೊಳ್ಳುವ ಮುನ್ನವೇ, ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಧರ್ಮಸ್ಥಳದ ಸಂಗ್ರಹವನ್ನೂ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯವನ್ನೂ ನೋಡಿ ಬರಬಹುದು. ಮೂಲರೂಪವೆಂದರೇನೆಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಮೊದಲ ಬಾರಿಗೆ ಎಂಜಿನ್ ಹೂಡುವ ದಿನ ಹ್ಯಾಂಡಲ್ ತಿರುಗಿಸಬೇಕಾಗಿ ಬಂದರೆ, ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಕಿಡಿ ಮುಂಚೆಯೇ ಹತ್ತಿ ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಹೀಗೆ ತಪ್ಪುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಈ ಊರುಗಳಲ್ಲಿ ಇಂಗ್ಲೆಂಡಿನ ಚಳಿಗಾಗಿ ರೂಪಿಸಿದ ರೇಡಿಯೇಟರು ಬಹಳ ಬೇಗ ಕುದಿಯುತ್ತದೆ. ಮೊದಲ ಸವಾರಿ ಚಳಿಗಾಲದ ಮುಂಜಾವಿನಲ್ಲಿ, ಐದಾರು ಕಿಲೋಮೀಟರಿಗೆ ಮೀರದಂತೆ, ಎರಡು ಕ್ಯಾನು ನೀರು ಮತ್ತು ಒಂದು ಅಗ್ನಿಶಾಮಕ ಸಿಲಿಂಡರನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ನಡೆಯಲಿ.