ಗಂಟಲಿನ ಉಂಡೆಗೆ ಹೊಟ್ಟೆಯ ಹುಳಿ ಕಾರಣವೇ?

ಪ್ರಶ್ನೆ: ಎದೆಯುರಿ ಇಲ್ಲ, ಹುಳಿತೇಗೂ ಇಲ್ಲ. ಆದರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಸದಾ ಅನಿಸುತ್ತದೆ. ಇದು ಆಸಿಡಿಟಿಯೇ?

ಉತ್ತರ: ಇರಬಹುದು. ಆದರೆ ತಪ್ಪನ್ನೆಲ್ಲ ಹೊಟ್ಟೆಯ ಮೇಲೆ ಹೊರಿಸುವಂತಿಲ್ಲ.

ಜಠರದ ಆಮ್ಲ ಅನ್ನನಾಳ ದಾಟಿ ಗಂಟಲವರೆಗೂ ಏರುವುದುಂಟು. ಜೊತೆಗೆ ಪ್ರೋಟೀನ್ ಅರಗಿಸುವ ಪೆಪ್ಸಿನ್ ಕಿಣ್ವವೂ ಬರುತ್ತದೆ. ಅನ್ನನಾಳಕ್ಕಿರುವಷ್ಟು ತಾಳಿಕೆ ಧ್ವನಿಪೆಟ್ಟಿಗೆಯ ಒಳಪೊರೆಗೆ ಇಲ್ಲ. ಹಾಗಾಗಿ ಎದೆಯುರಿ ತಾರದಷ್ಟು ಅಲ್ಪ ಆಮ್ಲವೂ ಅಲ್ಲಿ ಕೆರೆತ, ಕಫ, ಬೆಳಗಿನ ಗೊಗ್ಗರು ದನಿ ತರಬಲ್ಲದು.

ಒಂದು ಕಾಲದಲ್ಲಿ ವೈದ್ಯರು ಈ ಉಂಡೆಯನ್ನು ಹೆಂಗಸರ ‘ಹಿಸ್ಟೀರಿಯಾ’ ಎಂದು ತಳ್ಳಿಹಾಕಿದ್ದರು. ಆಮೇಲೆ ಎಲ್ಲವೂ ಆಮ್ಲದ್ದೇ ಎಂಬ ಕಾಲ ಬಂತು. 346 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ಅದಕ್ಕೂ ತಣ್ಣೀರೆರಚಿತು. 16 ವಾರ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಗುಳಿಗೆ ನುಂಗಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ಹೆಚ್ಚುಕಡಿಮೆ ಒಂದೇ ಗುಣ! ಗಂಟಲ ಸ್ನಾಯುಗಳ ಬಿಗಿತ, ಆತಂಕ, ಪದೇ ಪದೇ ಕ್ಯಾಕರಿಸುವ ಚಟವೂ ಕಾರಣವಾಗಬಲ್ಲವು.

ಊಟ ಮಾಡುವಾಗ ಉಂಡೆ ಮಾಯವಾದರೆ ಸಾಮಾನ್ಯವಾಗಿ ಭಯವಿಲ್ಲ. ರಾತ್ರಿಯೂಟವನ್ನು ಮಲಗುವ ಮೂರು ಗಂಟೆ ಮೊದಲೇ ಮುಗಿಸಿ ನೋಡಬಹುದು. ನುಂಗಲು ಕಷ್ಟ, ನೋವು, ತೂಕ ಇಳಿಕೆ, ಕತ್ತಿನಲ್ಲಿ ಗಡ್ಡೆ, ಮೂರು ವಾರ ದಾಟಿದ ದನಿ ಬದಲಾವಣೆ ಇವುಗಳಲ್ಲಿ ಒಂದಿದ್ದರೂ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು.