ಬಾಗಿಲಿಗೆ ಬರುವ ಹಾಡು



ಅಬ್ಬಿಗೇರಿ, ನರೇಗಲ್ಲ, ರೋಣದ ಸೀಮೆಯವರಿಗೆ ಭಾದ್ರಪದ ಮಾಸದ ಜೋಕುಮಾರನ ಹಾಡು ಹೊಸದಲ್ಲ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿಯನ್ನಿಟ್ಟು, ತಲೆಯ ಮೇಲೆ ಹೊತ್ತು, ಹೆಣ್ಣುಮಕ್ಕಳು ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಕೊಡುತ್ತಾರೆ. ಮಳೆ ಬರಲಿ, ಬೆಳೆ ಬರಲಿ ಎಂಬುದು ಹಾಡುವವರ ಹಾಗೂ ಕೇಳುವವರ ಹಾರೈಕೆ. ಈ ಆಚರಣೆ ನಮ್ಮ ವಿಶ್ವಾಸಕ್ಕೆ ಸೇರಿದ್ದಲ್ಲ. ಆದರೆ ಹಾಡು ಬಾಗಿಲಿಗೇ ಹೋಗಬೇಕೆಂಬುದನ್ನು ನಮ್ಮ ನೆರೆಹೊರೆಯವರು ಬಹುಕಾಲದಿಂದ ಬಲ್ಲರು. ಡಿಸೆಂಬರಿನಲ್ಲಿ ನಮ್ಮ ಕ್ಯಾರಲ್ ತಂಡಗಳು ಹೊರಡುವುದೂ ಹೀಗೆಯೇ.

ಯೂರೋಪಿನ ರೊಮೇನಿಯಾ ದೇಶದ ಹಳ್ಳಿಗಳಲ್ಲಿಯೂ ಇಂಥದೇ ಪದ್ಧತಿಯುಂಟು. ಅಲ್ಲಿನ ಕ್ರಿಸ್ಮಸ್ ಜನಪದ ಹಾಡುಗಳಿಗೆ ‘ಕೊಲಿಂದೆ’ ಎಂದು ಹೆಸರು. ಹಬ್ಬದ ಹಿಂದಿನ ರಾತ್ರಿ ಯುವಕರು ಗುಂಪು ಕಟ್ಟಿಕೊಂಡು ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ಮನೆಯವರು ಕಾಣಿಕೆ ಕೊಟ್ಟು ಉಪಚರಿಸುತ್ತಾರೆ. ಎಲ್ಲ ಮನೆಗಳಿಗೂ ಒಂದೇ ಹಾಡಲ್ಲ ಎಂಬುದು ಇದರ ವಿಶೇಷ. ಆಯಾ ಮನೆಯ ಸ್ಥಿತಿಗತಿಗೆ ತಕ್ಕ ಹಾಡನ್ನು ಹಾಡುತ್ತಾರೆ. ಮದುವೆಗೆ ಬಂದ ಮಗಳಿದ್ದರೆ ಅವಳಿಗೆಂದೇ ಶುಭಕೋರುವ ಹಾಡೊಂದಿದೆ. ರೊಮೇನಿಯಾ ಹಾಗೂ ಮಾಲ್ಡೋವಾ ದೇಶಗಳ ಈ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಹಾಡುಗಳ ಮೇಲಿನ ಪ್ರೀತಿಯಿಂದ ಹಂಗೇರಿಯ ಸಂಗೀತಗಾರ ಬೆಲಾ ಬಾರ್ಟೋಕ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೊಮೇನಿಯನ್ ಹಳ್ಳಿಗಳನ್ನು ಸುತ್ತಿದರು. ಧ್ವನಿಮುದ್ರಣ ಯಂತ್ರವನ್ನು ಹೊತ್ತೊಯ್ದು, ರೈತರ ಮುಂದೆ ಕುಳಿತು ಹಾಡುಗಳನ್ನು ದಾಖಲಿಸಿದರು. ಹಾಡಿದವರು ದೊಡ್ಡ ವಿದ್ವಾಂಸರಲ್ಲ. ಅವರನ್ನು ಹುಡುಕಿಕೊಂಡು ಹೋದವರು ದೊಡ್ಡ ವಿದ್ವಾಂಸರು. 1915ರಲ್ಲಿ ಅವರು ಆ ಕ್ರಿಸ್ಮಸ್ ಹಾಡುಗಳನ್ನು ಪಿಯಾನೊಗೆ ಅಳವಡಿಸಿದರು.

1948ರಲ್ಲಿ ರೊಮೇನಿಯಾದ ಕಮ್ಯುನಿಸ್ಟ್ ಸರ್ಕಾರ ಅಲ್ಲಿನ ಗ್ರೀಕ್ ಕಥೋಲಿಕ ಧರ್ಮಸಭೆಯನ್ನು ನಿಷೇಧಿಸಿತು. ದೇವಾಲಯಗಳು ಕೈತಪ್ಪಿದವು, ಧರ್ಮಾಧ್ಯಕ್ಷರು ಸೆರೆಮನೆ ಸೇರಿದರು. ಅವರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತ ಏಳು ಮಂದಿಯನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ಪುನೀತರೆಂದು ಘೋಷಿಸಿದರು. ಆ ಕಷ್ಟದ ವರ್ಷಗಳಲ್ಲಿಯೂ ಹಳ್ಳಿಗಳಲ್ಲಿ ಮನೆಬಾಗಿಲ ಹಾಡು ನಿಲ್ಲಲಿಲ್ಲ.

ಪ್ರಿಯರೇ, ಕ್ರಿಸ್ತಜಯಂತಿಯ ಮರ್ಮವೂ ಇದೇ ಅಲ್ಲವೇ? ನಾವು ದೇವರ ಬಳಿಗೆ ಬರಲೆಂದು ದೇವರು ಕಾಯುತ್ತಾ ಕೂರಲಿಲ್ಲ. ಅವರೇ ನಮ್ಮ ಬಳಿಗೆ ಬಂದರು. ಸಂತ ಲೂಕನ ಶುಭಸಂದೇಶದಲ್ಲಿ ದೇವದೂತರ ಸ್ತುತಿಗೀತೆ ಮೊದಲು ಕೇಳಿಸಿದ್ದು ಅರಮನೆಯಲ್ಲಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಅವರು ಹೋಗಿ ಕಂಡು, ದೇವರನ್ನು ಕೊಂಡಾಡುತ್ತಾ ಮರಳಿದರು.

ಇನ್ನು ನಮ್ಮ ಕ್ಯಾರಲ್ ತಂಡಗಳ ಮಾತು. ಒಂದೇ ಸಂಜೆಗೆ ಎಲ್ಲ ಮನೆ ಮುಗಿಸುವ ಅವಸರದಲ್ಲಿ ನಾವು ಯಾವ ಬಾಗಿಲನ್ನು ದಾಟಿ ಹೋಗುತ್ತೇವೆ? ಈ ವರ್ಷ ಸಾವು ಕಂಡ ಮನೆಯನ್ನೇ? ಮಕ್ಕಳೆಲ್ಲ ದುಡಿಯಲು ಗೋವಾ, ಮಂಗಳೂರಿಗೆ ಹೋಗಿ, ಮುದುಕರಿಬ್ಬರೇ ಉಳಿದ ಮನೆಯನ್ನೇ? ಕಾಣಿಕೆ ಡಬ್ಬಿಗೆ ಹಾಕಲು ಏನೂ ಇಲ್ಲದ ಮನೆಯನ್ನೇ? ದುಃಖದ ಮನೆಯಲ್ಲಿ ಡೋಲು ಬೇಡ. ಮೆಲ್ಲಗೆ ಒಂದು ಹಾಡು ಹಾಡಿ, ಐದು ನಿಮಿಷ ಕೂತು ಪ್ರಾರ್ಥಿಸಿದರೆ ಸಾಕು. ಹಾಸಿಗೆ ಹಿಡಿದ ಅಜ್ಜಿಗೆ ಅವರ ಕಾಲದ ಹಾಡನ್ನೇ ಹಾಡೋಣ. ದೂರದ ಹಳ್ಳಿಯಲ್ಲಿ ಒಂದೇ ಕಥೋಲಿಕ ಮನೆಯಿದ್ದರೂ ಅಲ್ಲಿಗೆ ಹೋಗಿಬರೋಣ. ತಂಡ ಹೊರಡುವ ಮುನ್ನ ಯಾರ ಮನೆಯಲ್ಲಿ ಏನಾಗಿದೆ ಎಂದು ವಿಚಾರಿಸಿಕೊಂಡರೆ ಹಾಡು ತಾನಾಗಿ ದೊರೆಯುತ್ತದೆ.

ನಮ್ಮ ಹಾಡಿನೊಂದಿಗೆ ಬಾಲ ಯೇಸು ಪ್ರತಿ ಮನೆಯ ಹೊಸ್ತಿಲು ದಾಟಿ ಬರಲಿ. ಎಲ್ಲ ಕುಟುಂಬಗಳಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.