ನಡೆದವರ ಸಾಕ್ಷ್ಯ

ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಸಂಚರಿಸುವವರ ಗಮನವನ್ನು ಮೊದಲು ಸೆಳೆಯತಕ್ಕ ಸಂಗತಿಗಳಲ್ಲೊಂದು, ಗೋಧಿಯ ಹೊಲಗಳ ನಟ್ಟನಡುವೆಯೂ, ಕುರಿಗಳು ಮೇಯುವ ಹುಲ್ಲುಗಾವಲುಗಳ ಅಂಚಿನಲ್ಲಿಯೂ, ಕೆಲವೆಡೆ ಸಿರಿವಂತರ ಬಂಗಲೆಗಳ ಮಗ್ಗುಲಲ್ಲಿಯೂ ಯಾರೊಬ್ಬರ ಅಪ್ಪಣೆಯನ್ನೂ ಬೇಡದೆ ನಡೆದುಹೋಗಬಹುದಾದ ಕಾಲುದಾರಿಗಳು ದೇಶದ ಉದ್ದಗಲಕ್ಕೂ ಹಬ್ಬಿಕೊಂಡಿರುವುದು. ವೇಲ್ಸನ್ನೂ ಸೇರಿಸಿ ಲೆಕ್ಕ ಹಿಡಿದರೆ, ನಕ್ಷೆಗೇರಿದ ಇಂಥ ಸಾರ್ವಜನಿಕ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ನೆಲ ಒಡೆಯನದು, ಅದರ ಮೇಲೆ ನಡೆಯುವ ಹಕ್ಕು ಸರ್ವರದು. ಆದರೆ ನಕ್ಷೆಯಲ್ಲಿ ಕಾಣದ ದಾರಿಯೊಂದರ ಮೇಲೆ ತಮಗೆ ಹಕ್ಕುಂಟೆಂದು ಊರವರೂ ಇಲ್ಲವೆಂದು ಜಮೀನಿನ ಒಡೆಯನೂ ಪಟ್ಟು ಹಿಡಿದಾಗ, ಆ ವಿವಾದವನ್ನು ಮೊದಲು ವಿಚಾರಿಸಿ ನಿರ್ಣಯಿಸುವ ಹೊಣೆ ಸ್ಥಳೀಯ ಕೌನ್ಸಿಲಿನದು. ಆ ನಿರ್ಣಯದ ಕ್ರಮವನ್ನು ಅರಿತರೆ, ಸಾಮಾನ್ಯ ಜನರ ನೆನಪಿಗೆ ಕಾನೂನು ಎಷ್ಟು ಗೌರವ ಕೊಡಬಲ್ಲುದೆಂಬುದು ಮನದಟ್ಟಾಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಪ್ರಧಾನಿ ಆಟ್ಲಿಯವರ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಮತ್ತು ಗ್ರಾಮಾಂತರ ಪ್ರವೇಶದ ಕಾಯಿದೆಯನ್ನು ತಂದಿತು. ಪ್ರತಿಯೊಂದು ಕೌಂಟಿ ಕೌನ್ಸಿಲೂ ತನ್ನ ಎಲ್ಲೆಯೊಳಗಿನ ಸಾರ್ವಜನಿಕ ದಾರಿಗಳನ್ನೆಲ್ಲ ಗುರುತಿಸಿ, ವಿವರಣೆಯೊಡನೆ ಒಂದು ನಿರ್ಣಾಯಕ ನಕ್ಷೆಯನ್ನು ಸಿದ್ಧಪಡಿಸತಕ್ಕದ್ದೆಂದು ಅದು ವಿಧಿಸಿತು. ಗ್ರಾಮಮಟ್ಟದ ಪ್ಯಾರಿಷ್ ಕೌನ್ಸಿಲುಗಳ ಸಮೀಕ್ಷೆಯನ್ನು ಆಧರಿಸಿ ಈ ಕಾರ್ಯ ನಡೆದುದರಿಂದ, ಶ್ರದ್ಧೆಯುಳ್ಳ ಊರಿನಲ್ಲಿ ದಾರಿಗಳೆಲ್ಲ ದಾಖಲಾದುವು. ಅನಾಸ್ಥೆಯ ಊರಿನಲ್ಲಿ ಹಲವು ಬಿಟ್ಟುಹೋದುವು. ಒಮ್ಮೆ ನಕ್ಷೆಯಲ್ಲಿ ಕಂಡ ದಾರಿಯ ಅಸ್ತಿತ್ವಕ್ಕೆ ಆ ನಕ್ಷೆಯೇ ಪ್ರಮಾಣ. ಆದರೆ ಕಾಣದ ದಾರಿ ಇಲ್ಲವೇ ಇಲ್ಲವೆಂದು ಅದು ಸಾಧಿಸುವುದಿಲ್ಲ. ಈ ಲೋಪವನ್ನು ತುಂಬುವುದಕ್ಕಾಗಿಯೇ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯ 53ನೆಯ ಕಲಮು, ನಕ್ಷೆಯನ್ನು ಸದಾ ಪರಿಶೀಲಿಸುತ್ತ ತಿದ್ದುವ ಕರ್ತವ್ಯವನ್ನು ಕೌನ್ಸಿಲುಗಳಿಗೆ ವಹಿಸಿ, ತಿದ್ದುಪಡಿಗಾಗಿ ಅರ್ಜಿ ಹಾಕುವ ಅಧಿಕಾರವನ್ನು ಯಾವನೇ ವ್ಯಕ್ತಿಗೆ ಕೊಟ್ಟಿತು.

ಇಲ್ಲಿ ಒಂದು ತತ್ತ್ವವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಅರ್ಜಿ ಬಂದಾಗ ಕೌನ್ಸಿಲು ಹೊಸ ಹಕ್ಕನ್ನು ದಯಪಾಲಿಸುವುದಿಲ್ಲ. ಹಕ್ಕು ಈಗಾಗಲೇ ಹುಟ್ಟಿದೆಯೇ ಎಂಬುದನ್ನಷ್ಟೇ ಶೋಧಿಸುತ್ತದೆ. ಈ ದಾರಿಯಿದ್ದರೆ ಮಕ್ಕಳು ಶಾಲೆಗೆ ಸುರಕ್ಷಿತವಾಗಿ ಹೋಗಬಹುದೆಂದು ತಾಯಿಯೊಬ್ಬಳು ಬೇಡಿಕೊಂಡರೂ, ಕಳ್ಳಕಾಕರಿಗೆ ಇದರಿಂದ ಅನುಕೂಲವಾಗುತ್ತದೆಂದು ರೈತನೊಬ್ಬ ಆತಂಕಪಟ್ಟರೂ ಕಾನೂನಿನ ದೃಷ್ಟಿಯಲ್ಲಿ ಎರಡು ಮಾತೂ ಅಪ್ರಸ್ತುತ. ಅಗತ್ಯ, ಅನುಕೂಲ, ಭದ್ರತೆ, ಏಕಾಂತ ಇವುಗಳನ್ನು ತೂಗಿ ದಾರಿಯನ್ನು ಹೊಸದಾಗಿ ನಿರ್ಮಿಸುವ, ಬೇರೆಡೆಗೆ ತಿರುಗಿಸುವ ಅಥವಾ ಮುಚ್ಚುವ ಅಧಿಕಾರಗಳು ಪ್ರತ್ಯೇಕವಾಗಿ ಉಂಟು. ಅವುಗಳ ವಿಧಾನವೂ ಬೇರೆ. ಹಕ್ಕಿನ ಅರ್ಜಿಯಲ್ಲಿ ಕೇಳತಕ್ಕ ಪ್ರಶ್ನೆ ಒಂದೇ: ಸಾಕ್ಷ್ಯವೇನು?

ಸಾಕ್ಷ್ಯದಲ್ಲಿ ಮೊದಲನೆಯದು ನಡೆದವರದು. 1932ರ ಕಾಯಿದೆಯೊಂದರಲ್ಲಿ ಮೊಳೆತು ಇಂದು 1980ರ ಹೆದ್ದಾರಿ ಕಾಯಿದೆಯ 31ನೆಯ ಕಲಮಿನಲ್ಲಿ ನೆಲಸಿರುವ ನಿಯಮದಂತೆ, ಸಾರ್ವಜನಿಕರು ಒಂದು ದಾರಿಯನ್ನು ಹಕ್ಕಿನಿಂದೆಂಬಂತೆ, ತಡೆಯಿಲ್ಲದೆ, ಪೂರ್ತಿ 20 ವರ್ಷ ಬಳಸಿದ್ದರೆ ಒಡೆಯನು ಅದನ್ನು ಸಾರ್ವಜನಿಕರಿಗೆ ಅರ್ಪಿಸಿದನೆಂದೇ ಭಾವಿಸಲ್ಪಡುತ್ತದೆ. ಆ ಬಳಕೆ ಬಲಾತ್ಕಾರದಿಂದಾಗಲಿ, ಗುಟ್ಟಾಗಿಯಾಗಲಿ, ಅನುಮತಿ ಪಡೆದಾಗಲಿ ನಡೆದಿರಬಾರದು. ಬೇಲಿ ಮುರಿದು ನುಗ್ಗಿದವನ ನಡಿಗೆ, ಇರುಳಲ್ಲಿ ಕಣ್ತಪ್ಪಿಸಿ ಹೋದವನ ನಡಿಗೆ, ಒಡೆಯನನ್ನು ಕೇಳಿಕೊಂಡು ಹೋದ ನೆರೆಯವನ ನಡಿಗೆ ಇವು ಲೆಕ್ಕಕ್ಕೆ ಬಾರವು. ಆದರೆ ನಡೆದವನು ತನಗೆ ಹಕ್ಕುಂಟೆಂದು ಮನಸ್ಸಿನಲ್ಲಿ ನಂಬಿದ್ದನೇ ಎಂದು ಅಗೆದು ನೋಡಬೇಕಾಗಿಲ್ಲವೆಂದು, ಸನಿಂಗ್‌ವೆಲ್ ಗ್ರಾಮದ ಹುಲ್ಲುಬಯಲಿನ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ತೀರ್ಪಿತ್ತಿತು. ಇಪ್ಪತ್ತು ವರ್ಷಗಳನ್ನು, ಹಕ್ಕು ಮೊದಲು ಪ್ರಶ್ನೆಗೊಳಗಾದ ದಿನದಿಂದ, ಅಂದರೆ ಗೇಟಿಗೆ ಬೀಗ ಬಿದ್ದ ಅಥವಾ ತಡೆಯ ಫಲಕ ನೆಟ್ಟ ದಿನದಿಂದ, ಹಿಂದಕ್ಕೆ ಎಣಿಸುತ್ತಾರೆ. ಒಬ್ಬನೇ ಅಷ್ಟೂ ಕಾಲ ನಡೆದಿರಬೇಕೆಂಬ ನಿಯಮವಿಲ್ಲ. ಹಲವರ ನಡಿಗೆ ಕೂಡಿ ಅವಧಿ ತುಂಬಿದರೆ ಸಾಕು.

ಈ ನೆನಪುಗಳನ್ನು ಸಂಗ್ರಹಿಸುವುದಕ್ಕೆ ಕೌನ್ಸಿಲುಗಳು ಸಾಕ್ಷ್ಯದ ನಮೂನೆಯೊಂದನ್ನು ಇಟ್ಟುಕೊಂಡಿವೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆದಿರಿ? ವರ್ಷಕ್ಕೆ ಎಷ್ಟು ಸಲ? ಎಲ್ಲಿಂದ ಎಲ್ಲಿಗೆ, ಯಾವ ಉದ್ದೇಶದಿಂದ? ದಾರಿಯಲ್ಲಿ ಗೇಟು, ಹತ್ತಿ ದಾಟುವ ಮೆಟ್ಟಿಲು, ಫಲಕ ಇದ್ದುವೇ? ಯಾರಾದರೂ ತಡೆದು ಹಿಂದಿರುಗಿಸಿದರೇ? ನೀವು ಆ ಜಮೀನಿನ ಗೇಣಿದಾರರೋ ಕೆಲಸಗಾರರೋ ಆಗಿದ್ದಿರೇ? ಕೊನೆಯ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವೆನಿಸಿದರೂ ನಿರ್ಣಾಯಕವಾದುದು. ಏಕೆಂದರೆ ಒಡೆಯನ ಆಳು ಒಡೆಯನ ಕೆಲಸಕ್ಕಾಗಿ ನಡೆದುದು ಸಾರ್ವಜನಿಕರ ನಡಿಗೆಯಾಗಲಾರದು. ಪ್ರತಿಯೊಬ್ಬ ಸಾಕ್ಷಿಯೂ ತಾನು ನಡೆದ ದಾರಿಯನ್ನು ನಕ್ಷೆಯ ಮೇಲೆ ತನ್ನ ಕೈಯಿಂದಲೇ ಗೆರೆ ಎಳೆದು ತೋರಿಸಿ ಸಹಿ ಹಾಕುತ್ತಾನೆ. ಅಂಚೆಕಚೇರಿಗೋ ಚರ್ಚಿಗೋ ದಿನಂಪ್ರತಿ ಹೋಗುತ್ತಿದ್ದ ವೃದ್ಧೆಯೊಬ್ಬಳ ಸರಳವಾದ ನಾಲ್ಕು ವಾಕ್ಯಗಳು ಹೀಗೆ ಕಾನೂನಿನ ದಸ್ತಾವೇಜಿನ ಘನತೆಯನ್ನು ಪಡೆಯುತ್ತವೆ.

ಒಡೆಯನ ಪಕ್ಷಕ್ಕೂ ಕಾನೂನು ನ್ಯಾಯವಾದ ಅವಕಾಶವನ್ನಿತ್ತಿದೆ. ದಾರಿಯನ್ನು ಅರ್ಪಿಸುವ ಉದ್ದೇಶ ತನಗಿರಲಿಲ್ಲವೆಂದು ಅವನು ತೋರಿಸಿಕೊಟ್ಟರೆ ಊರವರ ವಾದ ಬೀಳುತ್ತದೆ. ಆದರೆ ಆ ಉದ್ದೇಶ ಅವನ ಮನಸ್ಸಿನಲ್ಲಿಯೋ ವಕೀಲನಿಗೆ ಬರೆದ ಗುಪ್ತಪತ್ರದಲ್ಲಿಯೋ ಅಡಗಿದ್ದರೆ ಸಾಲದು, ನಡೆಯುವವರ ಅರಿವಿಗೆ ಬರುವಂತೆ ಪ್ರಕಟವಾಗಿರಬೇಕೆಂಬುದು ಗಾಡ್‌ಮ್ಯಾಂಚೆಸ್ಟರ್ ಪ್ರಕರಣದಲ್ಲಿ 2007ರಲ್ಲಿ ಸ್ಥಿರಪಟ್ಟ ನಿಯಮ. ಫಲಕ ನೆಡುವುದು, ಗೇಟಿಗೆ ಬೀಗ ಹಾಕುವುದು, ನಕ್ಷೆಯೊಡನೆ ಘೋಷಣೆಯೊಂದನ್ನು ಕೌನ್ಸಿಲಿನಲ್ಲಿ ಠೇವಣಿಯಿಡುವುದು ಇವು ಅವನಿಗಿರುವ ಮಾರ್ಗಗಳು.

ಎರಡನೆಯ ಬಗೆಯ ಸಾಕ್ಷ್ಯ ಹಳೆಯ ಕಾಗದಗಳದು. ಜೀವಂತ ಸಾಕ್ಷಿಗಳಿಲ್ಲದ ಪ್ರಾಚೀನ ದಾರಿಗಳಿಗೆ ಇವೇ ಆಧಾರ. ಸಾಮುದಾಯಿಕ ಭೂಮಿಗೆ ಬೇಲಿ ಹಾಕಿ ಹಂಚಿಕೊಟ್ಟ ಕಾಲದ ತೀರ್ಪುಪತ್ರಗಳು, 1836ರ ಕಾಯಿದೆಯ ಮೇರೆಗೆ ಚರ್ಚಿನ ದಶಾಂಶ ತೆರಿಗೆಗಾಗಿ ಬರೆದ ನಕ್ಷೆಗಳು, ರೈಲುಮಾರ್ಗದ ಯೋಜನಾಪತ್ರಗಳು ಇವನ್ನೆಲ್ಲ ಕೌನ್ಸಿಲಿನ ಅಧಿಕಾರಿ ಪರಿಶೀಲಿಸುತ್ತಾನೆ. ಇವುಗಳಲ್ಲಿ ಅತ್ಯಂತ ಕುತೂಹಲಕರವಾದುವು 1910ರ ಹಣಕಾಸು ಕಾಯಿದೆಯ ದಾಖಲೆಗಳು. ಭೂಮಿಯ ಮೌಲ್ಯವೃದ್ಧಿಯ ಮೇಲೆ ತೆರಿಗೆ ಹಾಕಲೆಂದು ಸರ್ಕಾರ ಅಂದು ದೇಶದ ನೆಲಕ್ಕೆಲ್ಲ ಬೆಲೆಕಟ್ಟಿಸಿತು. ತನ್ನ ಜಮೀನಿನಲ್ಲಿ ಸಾರ್ವಜನಿಕ ದಾರಿಯಿದ್ದರೆ ಒಡೆಯನು ಬೆಲೆಯಲ್ಲಿ ಅಷ್ಟು ಕಡಿತ ಕೇಳಬಹುದಾಗಿತ್ತು. ಅಂದು ತೆರಿಗೆಯ ಉಳಿತಾಯಕ್ಕಾಗಿ ಅಜ್ಜನು ಒಪ್ಪಿಕೊಂಡ ದಾರಿಯನ್ನು ಇಂದು ಮೊಮ್ಮಗನು ಅಲ್ಲಗಳೆಯುವುದು ಸುಲಭವಲ್ಲ. ಹೀಗಿದ್ದರೂ ಯಾವ ಕಾಗದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದನ್ನು ಬರೆದವರಾರು, ಯಾವ ಉದ್ದೇಶಕ್ಕೆ, ಎಲ್ಲಿ ಕಾಪಾಡಲಾಗಿತ್ತು ಎಂಬುದನ್ನು ವಿವೇಚಿಸಿಯೇ ಅದರ ತೂಕವನ್ನು ನಿಶ್ಚಯಿಸಬೇಕು.

ವಿಚಾರಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ಹಕ್ಕುಂಟೆಂದು ಸಕಾರಣವಾಗಿ ವಾದಿಸುವಷ್ಟು ಆಧಾರವಿದ್ದರೆ ಕೌನ್ಸಿಲು ತಿದ್ದುಪಡಿಯ ಆಜ್ಞೆಯನ್ನು ಹೊರಡಿಸಬಹುದು; ಆದರೆ ಅದು ಸ್ಥಿರವಾಗಬೇಕಾದರೆ, ಹಕ್ಕು ಇರುವ ಸಂಭವವೇ ಇಲ್ಲದಿರುವ ಸಂಭವಕ್ಕಿಂತ ಹೆಚ್ಚೆಂದು ತೋರಬೇಕು. ಆಜ್ಞೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಕನಿಷ್ಠ 42 ದಿನಗಳ ಅವಧಿ ಉಂಟು. ಆಕ್ಷೇಪಣೆ ಬಾರದಿದ್ದರೆ ಕೌನ್ಸಿಲೇ ಸ್ಥಿರೀಕರಿಸುತ್ತದೆ. ಬಂದರೆ ಮಂತ್ರಿಯ ಪರವಾಗಿ ಸ್ವತಂತ್ರ ಪರೀಕ್ಷಕನೊಬ್ಬನು ಎರಡು ಪಕ್ಷಗಳ ಮಾತನ್ನೂ ಆಲಿಸಿ ತೀರ್ಮಾನಿಸುತ್ತಾನೆ. ಕೌನ್ಸಿಲು ಅರ್ಜಿಯನ್ನು ತಳ್ಳಿಹಾಕಿದರೆ 28 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ವಿಧಾನ ಇಷ್ಟು ಸಮತೂಕವಾಗಿದ್ದರೂ ಅದರ ನಡೆ ನಿಧಾನ. ಹನ್ನೆರಡು ತಿಂಗಳೊಳಗೆ ನಿರ್ಣಯವಾಗದಿದ್ದರೆ ಅರ್ಜಿದಾರನು ಮಂತ್ರಿಯ ಮೊರೆಹೋಗಬಹುದಾದರೂ, ಅನೇಕ ಕೌನ್ಸಿಲುಗಳಲ್ಲಿ ಅರ್ಜಿಗಳು ವರ್ಷಗಟ್ಟಲೆ ಸರದಿ ಕಾಯುತ್ತವೆ. ಅಷ್ಟರಲ್ಲಿ ವೃದ್ಧ ಸಾಕ್ಷಿಗಳು ಕಾಲವಶರಾಗುತ್ತಾರೆ. ಕಾಲುನಡಿಗೆಯವರ ಸಂಘವಾದ ರ್‍ಯಾಂಬ್ಲರ್ಸ್ 2020ರಲ್ಲಿ ಸ್ವಯಂಸೇವಕರ ನೆರವಿನಿಂದ ಹಳೆಯ ನಕ್ಷೆಗಳನ್ನು ಹೋಲಿಸಿ ನೋಡಿ, ಸುಮಾರು 49,000 ಮೈಲಿಗಳಷ್ಟು ದಾರಿಗಳು ದಾಖಲೆಯಿಂದ ತಪ್ಪಿಹೋಗಿರಬಹುದೆಂದು ಕಂಡುಕೊಂಡಿತು. ಹಳೆಯ ದಾರಿಗಳ ಅರ್ಜಿಗೆ 2000ದ ಕಾಯಿದೆಯು 2026ನ್ನು ಕಡೆಯ ಗಡುವಾಗಿ ಸೂಚಿಸಿತ್ತು. ಇಂಗ್ಲೆಂಡಿನಲ್ಲಿ ಅದನ್ನು 2031ಕ್ಕೆ ಮುಂದೂಡಿದರು. ಅದನ್ನು ರದ್ದುಪಡಿಸುವುದಾಗಿ 2024ರ ಡಿಸೆಂಬರಿನಲ್ಲಿ ಸರ್ಕಾರ ಸಾರಿತು. ಹಕ್ಕು ಕೇವಲ ಕಾಲಗಣನೆಯಿಂದ ನಶಿಸಬಾರದಾದುದರಿಂದ ಇದು ಉಚಿತವಾದ ಸಂಕಲ್ಪವೇ ಸರಿ.

ಇಪ್ಪತ್ತು ವರ್ಷದ ಬಳಕೆಯ ನ್ಯಾಯ ನಮಗೂ ಅಪರಿಚಿತವಲ್ಲ. ಮೊದಲಿಗೆ ಮದರಾಸು ಮತ್ತು ಕೊಡಗು ಮುಂತಾದ ಪ್ರಾಂತ್ಯಗಳಿಗೆ ಅನ್ವಯಿಸಿದ 1882ರ ಅನುಭೋಗದ ಹಕ್ಕಿನ ಕಾಯಿದೆಯಲ್ಲಿ, ಒಬ್ಬರ ಜಮೀನಿನ ಮೂಲಕ ಇನ್ನೊಬ್ಬರು ಹಾದುಹೋಗುವ ಖಾಸಗಿ ಹಕ್ಕಿಗೆ ಇದೇ ಅವಧಿ ನಿಗದಿಯಾಗಿದೆ. ಸಾರ್ವಜನಿಕರೆಲ್ಲರ ಹಕ್ಕನ್ನು ನಕ್ಷೆಗೇರಿಸುವ ಇಂಗ್ಲೆಂಡಿನ ಏರ್ಪಾಡಿನ ವಿಶೇಷವೆಂದರೆ, ಬಳಕೆಯಿಂದ ಹುಟ್ಟಿದ ದಾರಿಗಳ ವಿಷಯದಲ್ಲಿ ಅದು ನಡೆದವರು ಬಾಯಿಬಿಟ್ಟು ಹೇಳಿದಾಗ ಮಾತ್ರ ಫಲಿಸುವುದು. ಸಾಕ್ಷಿ ನುಡಿಯಲು ಅಲ್ಲಿ ಪೌರತ್ವವಾಗಲಿ ಆಸ್ತಿಯಾಗಲಿ ಬೇಕಾಗಿಲ್ಲ. ಆದುದರಿಂದ ಆ ದೇಶದಲ್ಲಿ ನೆಲಸಿರುವ ಕನ್ನಡಿಗರು, ತಾವು ನಿತ್ಯ ನಡೆಯುವ ಕಾಲುದಾರಿ ಕೌನ್ಸಿಲಿನ ನಕ್ಷೆಯಲ್ಲಿ ಇದೆಯೇ ಎಂದು ಒಮ್ಮೆ ನೋಡಲಿ; ಇಲ್ಲದಿದ್ದರೆ ನೆನಪು ಮಾಸುವ ಮುನ್ನ ಆ ನಮೂನೆಯನ್ನು ತುಂಬಿ ಕಳುಹಿಸಲಿ.